ನೀರು ನಿಲ್ಲಿಸಿದರೆ ಬರುವ ವಸಂತ

ನಮ್ಮ ಕಡೆ ವಸಂತ ಬರುವುದು ಮಳೆಯ ಜೊತೆಗಲ್ಲ. ಮಳೆಗಾಲ ಮುಗಿದು ನಾಲ್ಕೈದು ತಿಂಗಳಾಗಿರುತ್ತದೆ. ಬಾವಿಯ ನೀರು ದಿನಾ ಇಷ್ಟಿಷ್ಟೇ ಇಳಿಯುತ್ತಿರುತ್ತದೆ. ಬೆಟ್ಟಕ್ಕೆ ಹೋದರೆ ಕಾಲಡಿಗೆ ದರಕು, ಅಂದರೆ ಉದುರಿದ ಒಣ ಎಲೆ, ಚರಚರ ಅನ್ನುತ್ತದೆ. ಅಂಥ ಒಣ ಹೊತ್ತಿನಲ್ಲೇ, ಯಾರೂ ಒಂದು ಕೊಡ ನೀರು ಹಾಕದ ಮಾವು ಹೂ ಬಿಡುತ್ತದೆ. ಮುರುಗಲು ಕೆಂಪಗೆ ಚಿಗುರುತ್ತದೆ. ಹೊಂಗೆ ಬೋಳಾಗಿ, ಕೆಲವೇ ದಿನಕ್ಕೆ ಮತ್ತೆ ಹಸಿರಾಗಿ ನಿಲ್ಲುತ್ತದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಒಂದು ವರ್ಷವೂ ಸಾಕು ಅನಿಸಿಲ್ಲ.

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಬಂದು ಒಳಗೆ ತಿರುಗಿದರೆ ನಮ್ಮೂರು. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಹಿತ್ತಿಲು ಹತ್ತು ಗುಂಟೆ ಇರಬಹುದು. ತೋಟದ ಉಸ್ತುವಾರಿ ಮನೆಯವರದ್ದು, ಹಿತ್ತಿಲಿನದ್ದು ನನ್ನದು. ಅಲ್ಲಿ ಏನು ನೆಡಬೇಕು, ಯಾವುದಕ್ಕೆ ಯಾವಾಗ ನೀರು ಅನ್ನುವುದೆಲ್ಲ ನನಗೆ ಬಿಟ್ಟಿದ್ದು. ನನಗಿಂತ ಮೊದಲು ಅತ್ತೆ ನೋಡಿಕೊಳ್ಳುತ್ತಿದ್ದರು.

ಹಿತ್ತಿಲಿನ ವಸಂತವನ್ನು ನನಗೆ ಕಲಿಸಿದ್ದೂ ಅವರೇ. ಪುಷ್ಯ ಮಾಸ ಬಂತೆಂದರೆ ಅತ್ತೆ ಪ್ರತಿ ವರ್ಷ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ತಂಗಿ, ಮಾವಿನ ಬುಡಕ್ಕೆ ಈಗ ನೀರು ಹಾಕಡ. ನೀರು ಹಾಕಿರೆ ಎಲೆ ಬತ್ತು, ಹೂ ಬತ್ತಿಲ್ಲೆ." ಅಂದರೆ, ಈಗ ನೀರು ಹಾಕಬೇಡ, ಹಾಕಿದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಇದು ಬರೀ ಹಳೇ ಕಾಲದ ನಂಬಿಕೆ ಅಲ್ಲ. ಮಾವು ಹೂ ಬಿಡಬೇಕೆಂದರೆ ಒಂದಷ್ಟು ದಿನ ಬೆಳೆಯುವುದನ್ನು ನಿಲ್ಲಿಸಬೇಕು. ಡಿಸೆಂಬರ್, ಜನವರಿಯ ತಣ್ಣನೆಯ ರಾತ್ರಿ ಮತ್ತು ಒಣಗಿದ ನೆಲ ಎರಡೂ ಸೇರಿ ಅದನ್ನು ನಿಲ್ಲಿಸುತ್ತವೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಕರಾವಳಿಗಿಂತ ನಮ್ಮಲ್ಲಿ ಚಳಿ ಜಾಸ್ತಿ. ಆ ಹೊತ್ತಲ್ಲಿ ನೀರು, ಗೊಬ್ಬರ ಅಂತ ಉಪಚಾರ ಮಾಡಿದರೆ ಮರ ಹೂವಿನ ಬದಲು ಸೊಂಪಾಗಿ ಎಲೆ ಹೊರಡಿಸಿ ಸುಮ್ಮನಾಗುತ್ತದೆ. ಕಾಯಿ ಕಚ್ಚಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಕೊಟ್ಟರೆ ತೊಂದರೆಯಿಲ್ಲ, ಒಳ್ಳೆಯದೇ. ಅಲ್ಲಿಯವರೆಗೆ ಕೈಕಟ್ಟಿ ನೋಡುತ್ತಿರುವುದೇ ಕೆಲಸ. ತೋಟಗಾರಿಕೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ನಮ್ಮ ಹಿತ್ತಿಲಲ್ಲಿ ಇರುವುದು ಅಪ್ಪೆಮಿಡಿ, ಎಳೆಗಾಯನ್ನು ಉಪ್ಪಿನಕಾಯಿಗೆ ಹಾಕುವ ಮಾವು. ಒಂದು ಜೀರಿಗೆ ಅಪ್ಪೆ, ಒಂದು ಅನಂತಭಟ್ಟನ ಅಪ್ಪೆ, ಎರಡೂ ಕಸಿ ಗಿಡ. ಅಪ್ಪೆಗಳ ಮೂಲ ಮರಗಳು ಹೊಳೆ ದಂಡೆಯ ಕಾಡಿನವು. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಕಸಿ ಗಿಡಗಳು ಬಂದ ಮೇಲೆ ಹೊಳೆ ದಂಡೆಗೆ ಹೋಗದೆಯೂ ಮನೆಯ ಹಿಂದೆಯೇ ಮಿಡಿ ಕೊಯ್ಯುವ ಭಾಗ್ಯ ನಮಗೆ ಬಂತು. ಜನವರಿ ಕೊನೆಗೆ ಹೂಗೊಂಚಲು ಹೊರಟರೆ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಹತ್ತಿರದಿಂದ ನೋಡಿ. ಒಂದೊಂದು ಗೊಂಚಲಲ್ಲಿ ನೂರಾರು ಸಣ್ಣ ಹೂಗಳು. ಬಹಳಷ್ಟು ಬರೀ ಗಂಡು ಹೂಗಳೇ. ಕೆಲವಕ್ಕೆ ಮಾತ್ರ ನಡುವೆ ಹಸಿರು ಗುಂಡು ಇರುತ್ತದೆ. ಕಾಯಿಯಾಗುವುದು ಅಂಥವು, ಅದರಲ್ಲೂ ಬೆರಳೆಣಿಕೆಯಷ್ಟು ಮಾತ್ರ. ಹೂವಿನ ಮೇಲೆ ಜೇನಿಗಿಂತ ನೊಣ ಜಾಸ್ತಿ. ಮಾವಿನ ಪರಾಗಸ್ಪರ್ಶದಲ್ಲಿ ನೊಣದ ಪಾಲು ದೊಡ್ಡದು. ಅದಕ್ಕೇ ಹೂ ಅರಳಿರುವ ದಿನಗಳಲ್ಲಿ ನಾನು ಯಾವ ಔಷಧಿಯನ್ನೂ ಸಿಂಪಡಿಸುವುದಿಲ್ಲ. ಮೋಡ ಕಟ್ಟಿ ಮಂಜು ಬಿದ್ದರೆ ಬೂದಿರೋಗ, ಜಿಗಿಹುಳು ಬಂದು ಹೂ ಕಪ್ಪಾಗುತ್ತದೆ. ಬೇವಿನೆಣ್ಣೆ ಹೊಡೆಯುವುದಿದ್ದರೆ ಮೊಗ್ಗು ಬಿಡಿಸಿಕೊಳ್ಳುವ ಮೊದಲೇ ಹೊಡೆದು ಮುಗಿಸುತ್ತೇನೆ.

ಮಲ್ಲಿಗೆಗೂ ಇದೇ ಉಪವಾಸದ ಲೆಕ್ಕ. ನವೆಂಬರ್ ಕೊನೆಗೆ ನೀರು ನಿಲ್ಲಿಸುತ್ತೇನೆ. ಎಲೆ ಬಾಡಿ ಹಳದಿಯಾಗುತ್ತದೆ. ನೋಡಿದವರು "ಅಯ್ಯೋ, ಗಿಡ ಸಾಯ್ತಾ ಇದೆ" ಅನ್ನುತ್ತಾರೆ, ಅನ್ನಲಿ. ಸಂಕ್ರಾಂತಿ ಆಸುಪಾಸಿನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಲ್ಲೇ ಸವರಿ ತೆಗೆಯುತ್ತೇನೆ. ಬುಡ ಬಿಡಿಸಿ, ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ಮೊದಲ ನೀರು. ಹೊಟ್ಟೆ ತುಂಬ.

ಆ ಮೊದಲ ನೀರಿನ ನಂತರದ ದಿನಗಳು ನನಗೆ ವರ್ಷದಲ್ಲೇ ತುಂಬಾ ಇಷ್ಟ. ಕಡ್ಡಿಯ ಗಂಟಿನಲ್ಲಿ ಎಲೆ ಬಿದ್ದ ಗಾಯದ ಮೇಲೊಂದು ಕಣ್ಣು ಇರುತ್ತದೆ. ಮೊದಲು ಕಡ್ಡಿಯದೇ ಬಣ್ಣ, ಇದೆಯೋ ಇಲ್ಲವೋ ತಿಳಿಯದು. ಎರಡು ಮೂರು ದಿನಕ್ಕೆ ಅದರ ತುದಿ ಸ್ವಲ್ಪ ಹೊಳೆಯುತ್ತದೆ. ಮರುದಿನ ಬೆರಳು ಆಡಿಸಿದರೆ ಉಬ್ಬು ಕೈಗೆ ಸಿಗುತ್ತದೆ. ಆಮೇಲೆ ಎರಡು ಎಲೆ ಕೈಮುಗಿದುಕೊಂಡೇ ಹೊರಗೆ ಬರುತ್ತವೆ, ಮಧ್ಯಾಹ್ನದ ಹೊತ್ತಿಗೆ ಬಿಡಿಸಿಕೊಂಡಿರುತ್ತವೆ. ಹೊಸ ಕುಡಿಯ ತುದಿಯಲ್ಲೇ ಮೊಗ್ಗು. ಹಳೇ ಕಡ್ಡಿಯಲ್ಲಿ ಮಲ್ಲಿಗೆ ಹೂ ಬಿಡುವುದು ಕಡಿಮೆ. ಅದಕ್ಕೇ ಈ ಕತ್ತರಿ. ಯುಗಾದಿ ಹೊತ್ತಿಗೆ ದೇವರಿಗೆ, ಮುಡಿಗೆ, ನೆಂಟರಿಗೆ, ಎಲ್ಲಕ್ಕೂ ಆಗಿ ಮಿಗುತ್ತದೆ.

ಇನ್ನು ಕೆಂಪು ಚಿಗುರಿನ ವಿಷಯ. ಚಿಗುರು ಅಂದರೆ ಹಸಿರು ಅಂತ ಪಟ್ಟಣದ ಮಕ್ಕಳು ಬರೆಯುತ್ತಾರೆ. ನಮ್ಮ ಹಿತ್ತಿಲಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಬಣ್ಣ ಕೆಂಪು. ಮಾವಿನದು ತಾಮ್ರದ ಬಣ್ಣ, ದಾಲ್ಚಿನ್ನಿಯದು ಗುಲಾಬಿ ಬೆರೆತ ಕೆಂಪು, ಮುರುಗಲಿನದು ಇನ್ನೂ ಗಾಢ. ಬೆಟ್ಟದ ಅಂಚಿನ ಸಾಗಡೆ ಮರ ಚಿಗುರಿದಾಗ ದೂರದಿಂದ ಹೂ ಬಿಟ್ಟಂತೆಯೇ ಕಾಣುತ್ತದೆ. ಅಶೋಕದ ಎಳೆ ಎಲೆಗಳು ಜೋತುಬಿದ್ದು ಗೊಂಡೆ ಗೊಂಡೆಯಾಗಿ ತೂಗುತ್ತವೆ. ಆ ಎಲೆಗೆ ಬಿಗಿ ಇನ್ನೂ ಬಂದಿರುವುದಿಲ್ಲ, ಮುಟ್ಟಿದರೆ ತಣ್ಣಗೆ, ಮೆತ್ತಗೆ. ಹಸಿರು ಬಣ್ಣ ತುಂಬಿಕೊಳ್ಳುವುದು ತಡವಾಗಿ. ಅಲ್ಲಿಯವರೆಗೆ ಈ ಕೆಂಪು ಎಳೆ ಎಲೆಯನ್ನು ಕಟುಬಿಸಿಲಿನಿಂದ ಕಾಯುತ್ತದೆ ಎನ್ನುತ್ತಾರೆ ಸಸ್ಯಶಾಸ್ತ್ರ ಓದಿದವರು. ದಾಲ್ಚಿನ್ನಿ ಗಿಡದ ಒಂದೇ ರೆಂಬೆಯಲ್ಲಿ ತುದಿಗೆ ಕೆಂಪು, ಕೆಳಗೆ ಎಳೆಹಸಿರು, ಅದರ ಕೆಳಗೆ ಕಡುಹಸಿರು ನೋಡಬಹುದು. ಎರಡು ವಾರದ ಕತೆ ಒಂದು ಮೊಳದಲ್ಲಿ ಇರುತ್ತದೆ.

ಎಲ್ಲವನ್ನೂ ಒಣಗಿಸಿದರೆ ಊಟಕ್ಕೆ ಏನು ಮಾಡುವುದು? ಬಸಳೆ, ಹರಿವೆ, ತೊಂಡೆ, ಸೌತೆ, ಬದನೆ ಇವಕ್ಕೆ ನೀರು ಬೇಕೇ ಬೇಕು. ಬಸಳೆ ಚಪ್ಪರ ಬಚ್ಚಲು ನೀರು ಹೋಗುವ ಕಡೆ ಇದೆ. ಒಲೆ ಬೂದಿ, ಸಗಣಿ ನೀರು ಬಿಟ್ಟರೆ ಅದು ಇನ್ನೇನೂ ಕೇಳುವುದಿಲ್ಲ. ಉಳಿದವಕ್ಕೆ ಸಂಜೆ ಹೊತ್ತು ಬುಡಕ್ಕೆ ಮಾತ್ರ ನೀರು. ಅದರ ಮೇಲೆ ದಪ್ಪಕ್ಕೆ ದರಕು.

ದರಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟರು. ಸೊಪ್ಪು, ದರಕು ಅಲ್ಲಿಂದಲೇ. ಜನವರಿ ಕಳೆಯುತ್ತಿದ್ದಂತೆ ಮರಗಳು ಎಲೆ ಉದುರಿಸುತ್ತವೆ, ನಾವು ಗುಡಿಸಿ ತಂದು ರಾಶಿ ಹಾಕುತ್ತೇವೆ. ಬಹುಪಾಲು ಕೊಟ್ಟಿಗೆಗೆ. ಹತ್ತಿಪ್ಪತ್ತು ಬುಟ್ಟಿ ಮಾತ್ರ ನಾನು ಹಿತ್ತಿಲಿಗೆ ಇಟ್ಟುಕೊಳ್ಳುತ್ತೇನೆ. ಒಂದು ಗೇಣು ದಪ್ಪ ಮುಚ್ಚಿದರೆ ದಿನಬಿಟ್ಟು ದಿನದ ನೀರು ಸಾಕು. ಬೆಳಿಗ್ಗೆ ದರಕು ಎತ್ತಿ ನೋಡಿದರೆ ಅಡಿಯಲ್ಲಿ ತೇವ ಇರುತ್ತದೆ, ಎರೆಹುಳು ಮಣ್ಣು ಹಿಕ್ಕಿರುತ್ತದೆ. ಆದರೆ ಬೆಟ್ಟವನ್ನು ಪೂರ್ತಿ ಗುಡಿಸಿ ಬೋಳು ಮಾಡಬಾರದು. ಅರ್ಧ ಅಲ್ಲೇ ಬಿಡಬೇಕು. ಆ ಮಣ್ಣಿಗೂ ಹೊದಿಕೆ ಬೇಕಲ್ವಾ?

ತಿಂಗಳಿಗೆ ಎರಡು ಸಲ ಜೀವಾಮೃತ ಕೊಡುತ್ತೇನೆ. ಹಿತ್ತಿಲಿಗೆ 20 ಲೀಟರ್ ಸಾಕು. ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಬೆಟ್ಟದ ಮರದಡಿಯ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಲ್ಲಿ ತಿರುಗಿಸಿ, ಮೂರನೇ ದಿನ ತೇವದ ಮಣ್ಣಿಗೆ ಹಾಕುವುದು.

ಈ ದಿನಗಳಲ್ಲಿ ಹಿತ್ತಿಲಿಗೆ ಸದ್ದೂ ಬರುತ್ತದೆ. ಚಳಿಗಾಲವಿಡೀ ಸುಮ್ಮನಿದ್ದ ಮಡಿವಾಳ ಹಕ್ಕಿ ಬೆಳಕು ಹರಿಯುವ ಮೊದಲೇ ಸೂರಿನ ಮೇಲೆ ಕೂತು ಹಾಡುತ್ತದೆ. ಕುಟ್ರು ಹಕ್ಕಿ ಮಧ್ಯಾಹ್ನವೂ ಬಿಡುವುದಿಲ್ಲ. ಸೂರಕ್ಕಿ ದಾಸವಾಳದ ಬುಡಕ್ಕೆ ಕೊಕ್ಕು ಚುಚ್ಚಿ ಪಕ್ಕದಿಂದಲೇ ಮಕರಂದ ಕದಿಯುತ್ತದೆ. ತೋಟದ ಕಡೆಯಿಂದ ಸಿಂಗಾರದ, ಅಂದರೆ ಅಡಿಕೆ ಹೂವಿನ ಪರಿಮಳ. ಜಗುಲಿ ಪಕ್ಕದ ಪೆಟ್ಟಿಗೆಯ ತುಡುವೆ ಜೇನು ಬೆಳಿಗ್ಗೆ ಎಂಟರ ಹೊತ್ತಿಗೆ ಹಳದಿ ಪರಾಗ ಕಾಲಿಗೆ ಮೆತ್ತಿಕೊಂಡು ವಾಪಸ್ಸು ಬರುತ್ತಿರುತ್ತದೆ. ಜೇನುಪೆಟ್ಟಿಗೆ ಇಟ್ಟ ಮೇಲೆ ಸೌತೆ, ಹಾಗಲದ ಹೀಚು ಉದುರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಹಿತ್ತಿಲು ಮಾಡುವವರು ಒಂದು ಪೆಟ್ಟಿಗೆಯಾದರೂ ಇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಮಂಗಗಳೂ ಬರುತ್ತವೆ, ಎಳೆಕುಡಿ ಮುರಿಯುತ್ತವೆ. ಅದಕ್ಕೆ ನಾಯಿ ಇದೆ. ಎಲ್ಲವನ್ನೂ ನಾಲ್ಕು ಗಿಡ ಹೆಚ್ಚೇ ಹಾಕುತ್ತೇನೆ.

ನನ್ನ ತವರು ಕುಮಟಾ ಕಡೆ. ದೇವಿಮನೆ ಘಟ್ಟ ಇಳಿದರೆ ವಸಂತದ ಪರಿಮಳವೇ ಬೇರೆ. ಅಲ್ಲಿ ಅದು ಸುರಗಿ. ಎಲೆಗಳ ಸಂದಿಯಲ್ಲಿ ಅಲ್ಲ, ರೆಂಬೆಯ ಮೈಗೇ ಅಂಟಿಕೊಂಡು ಗುಂಪು ಗುಂಪಾಗಿ ಮೊಗ್ಗು ಬರುತ್ತದೆ. ಅರಳುವ ಮೊದಲೇ ಕೊಯ್ಯಬೇಕು. ಆಯಿ ಅದನ್ನು ಪೋಣಿಸಿ ಕೊಡುತ್ತಿದ್ದಳು. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಬಟ್ಟೆ ಪೆಟ್ಟಿಗೆಯಲ್ಲಿ ಇಟ್ಟ ಮಾಲೆ ಮುಂದಿನ ಮಳೆಗಾಲದಲ್ಲೂ ಮೂಗಿಗೆ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೆದ್ದಾರಿ ಪಕ್ಕ ಕುಮಟಾ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ. ಹೋದಾಗ ಎರಡು ಗೊಂಚಲು ತಂದೇ ತರುತ್ತೇನೆ. ಅಂಕೋಲೆ ಕಡೆಯ ಕರಿ ಇಶಾಡು ಮಾವಿಗೆ ಮಾತ್ರ ಮೇ ತಿಂಗಳವರೆಗೆ ಕಾಯಬೇಕು.

ಚಿಗುರನ್ನು ನೋಡುವುದಷ್ಟೇ ಅಲ್ಲ, ತಿನ್ನುವುದೂ ಇದೆ. ಪೇರಳೆ ಕುಡಿ, ದಾಳಿಂಬೆ ಕುಡಿ, ನೆಲ್ಲಿ ಚಿಗುರು, ಒಂದೆಲಗ, ಯಾವುದು ಸಿಕ್ಕಿದರೂ ತಂಬುಳಿ. ಒಂದು ಹಿಡಿ ಕುಡಿಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ಬೀಸಿ, ಮಜ್ಜಿಗೆ, ಉಪ್ಪು ಸೇರಿಸಿದರೆ ಆಯಿತು. ಒಂದೆಲಗವನ್ನು ಮಾತ್ರ ಹಸಿಯಾಗೇ ಬೀಸುವುದು. ಮಾರ್ಚ್ ಬಿಸಿಲಿಗೆ ಅನ್ನದ ಜೊತೆ ಇದಕ್ಕಿಂತ ಬೇರೆ ಬೇಕಾಗಿಲ್ಲ. ಕುಡಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಹಾಗಾಗಿ ಗಿಡಕ್ಕೂ ನಷ್ಟವಿಲ್ಲ.

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತದೆ. ಆ ವರ್ಷ ಮನೆ ತುಂಬ ನೆಂಟರು. ಹೋಗುವಾಗ ಒಬ್ಬೊಬ್ಬರ ಕೈಯಲ್ಲೂ ಒದ್ದೆ ಬಟ್ಟೆ ಸುತ್ತಿದ ಒಂದು ಟಿಸಿಲು ಇದ್ದೇ ಇರುತ್ತದೆ. ದಾಸವಾಳ, ನಂದಿಬಟ್ಟಲು, ಬಸಳೆ ಕಡ್ಡಿ. ಕೊಡುವುದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ನನ್ನ ಅರ್ಧ ಹಿತ್ತಿಲೂ ಹಾಗೇ ಬಂದಿದ್ದು.

ಬೀಜದ ಕೆಲಸವೂ ಈಗಲೇ. ಅಬ್ಬಲಿಗೆಯ ಒಣ ತೆನೆ ಕೊಯ್ದು ಒಂದು ತಟ್ಟೆಯಲ್ಲಿ ಹಾಕಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ತೆಳು ಬಟ್ಟೆ ಮುಚ್ಚಿ ಕಿವಿಗೊಡಿ. ಒಂದೆರಡು ನಿಮಿಷಕ್ಕೆ ಚಟ್, ಚಟಚಟ ಅಂತ ಕಾಯಿ ಸಿಡಿದು ಬೀಜ ಬಟ್ಟೆಗೆ ಬಡಿಯುತ್ತವೆ. ಮೊಮ್ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಟ ಇಲ್ಲ. ಹರಿವೆ, ಬದನೆ, ಮೊಗೆಕಾಯಿಗೆ ಎಲ್ಲಕ್ಕಿಂತ ಚೆನ್ನಾಗಿ ಬಂದ ಗಿಡಕ್ಕೆ ಕೆಂಪು ದಾರ ಕಟ್ಟಿ ಬಿಡುತ್ತೇನೆ, ಅದರ ಕಾಯಿ ಅಡಿಗೆಗೆ ಕೊಯ್ಯುವಂತಿಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ಕಾಡಿನಲ್ಲಿ ತಾಯಿಮರ ಗುರುತಿಸಿ ಬೀಜ ತೆಗೆಯುತ್ತಿದ್ದರಲ್ಲ, ಪದ್ಮಶ್ರೀ ಬಂದಾಗ ಊರೆಲ್ಲ ಅವರ ವಿಷಯವೇ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಬೀಜಕ್ಕಿಂತ ಮೊದಲು ತಾಯಿಯನ್ನು ನೋಡಬೇಕು ಅನ್ನುವುದನ್ನು ಅವರ ಬಗ್ಗೆ ಕೇಳಿ ಕೇಳಿಯೇ ನಾನು ಗಟ್ಟಿ ಮಾಡಿಕೊಂಡಿದ್ದು. ಮಿಕ್ಕ ಬೀಜವನ್ನು ಬೂದಿ ಬೆರೆಸಿ ಒಣಗಿಸಿ ಬಾಟಲಿಗೆ ತುಂಬಿಡುತ್ತೇನೆ. ಮಳೆ ಶುರುವಾಗುವ ಹೊತ್ತಿಗೆ ಶಿರಸಿಯಲ್ಲಿ ವನಸ್ತ್ರೀ ಬಳಗದವರು ಮಲೆನಾಡ ಮೇಳ ಮಾಡುತ್ತಾರೆ. ಹಿತ್ತಿಲು ಮಾಡುವ ಹೆಂಗಸರೇ ಅಲ್ಲಿ ಬೀಜ, ಗಡ್ಡೆ ಹಿಡಿದು ಕೂತಿರುತ್ತಾರೆ. ಹೋದರೆ ಬರಿಗೈಯಲ್ಲಿ ಬಂದವರಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಾರೆ. ಒಂದು ಜೋರು ಮಳೆ ಬಿದ್ದರೂ ಸಾಕು, ಸುವರ್ಣಗಡ್ಡೆ, ಅರಿಶಿನ, ಕೆಸು ಎಲ್ಲ ಎಲ್ಲಿದ್ದವೋ ಅಲ್ಲಿಂದಲೇ ತಲೆ ಎತ್ತುತ್ತವೆ. ಅಷ್ಟರೊಳಗೆ ಮಡಿ ಮಾಡಿ, ಗೊಬ್ಬರ ಬೆರೆಸಿ, ದರಕು ಹೊದೆಸಿ ಮುಗಿಸಿರಬೇಕು. ಈ ಸಲ ತವರಿನಿಂದ ತಂದ ಸುರಗಿ ಸಸಿಯೊಂದಿದೆ. ಘಟ್ಟದ ಮೇಲಿನ ಚಳಿಗೆ ಅದು ಹೊಂದಿಕೊಳ್ಳಲಿ ಅಂತ ಬಾವಿಯ ಪಕ್ಕ, ಬಿಸಿಲು ಚೆನ್ನಾಗಿ ಬೀಳುವ ಕಡೆ ಗುಂಡಿ ತೆಗೆದಿಟ್ಟಿದ್ದೇನೆ. ಮಣ್ಣು ತೇವವಾದ ದಿನ ನೆಡುತ್ತೇನೆ.