ಪಿಕಪ್‌ಗೆ ಬೇರೆ ಎಂಜಿನ್ ಕೂರಿಸುವಾಗ ಗೇರ್‌ಬಾಕ್ಸ್ ಆರಿಸುವುದು ಹೇಗೆ

ಮಲ್ಪೆಯಲ್ಲಿ ಮೀನು ತುಂಬಿ ಶಿರಾಡಿ ಹತ್ತುವ ಪಿಕಪ್‌ಗೂ ಮಂಗಳೂರು ಪೇಟೆಯೊಳಗೇ ಓಡಾಡುವ ಪಿಕಪ್‌ಗೂ ಒಂದೇ ಗೇರ್‌ಬಾಕ್ಸ್ ಸರಿಹೋಗದು. ಆದರೆ ಅದಕ್ಕೂ ಮೊದಲು ಆರ್‌ಟಿಒ ಕೆಲಸವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಹಾಗಾಗಿ ಅದೇ ಕಂಪನಿಯ, ಅದೇ ಮಾದರಿಯ, ಅದೇ ಇಂಧನದ ಎಂಜಿನ್ ನೋಡಿ, ಅನುಮತಿ ಕೈಗೆ ಬಂದ ಮೇಲೆ ದುಡ್ಡು ಕೊಡಿ.

ಎಂಜಿನ್‌ಗೆ ಕಂಪನಿಯೇ ಜೋಡಿಸಿದ್ದ ಗೇರ್‌ಬಾಕ್ಸ್ ಸಿಕ್ಕರೆ ಬೇರೆ ಹುಡುಕಬೇಡಿ. ಗುಜರಿಯಲ್ಲಿ ಇಡೀ ಸೆಟ್ ಕೇಳಿ: ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್ ಫೋರ್ಕ್, ಸ್ಲೇವ್ ಸಿಲಿಂಡರ್, ಗೇರ್‌ಬಾಕ್ಸ್ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕ್, ಸ್ಪೀಡೋ ಸೆನ್ಸರ್, ಬೋಲ್ಟ್‌ಗಳೂ ಸೇರಿ. ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಮಾತ್ರ ಹೊಸದೇ ಇರಲಿ.

ಬೇರೆ ಗೇರ್‌ಬಾಕ್ಸೇ ಬೇಕಾದರೆ ಮೊದಲು ಟಾರ್ಕ್ (ಎಂಜಿನ್ ತಿರುಗಿಸುವ ಬಲ) ನೋಡಿ. ಗೇರ್‌ಬಾಕ್ಸ್ ತಾಳುವ ಟಾರ್ಕ್ ಎಂಜಿನ್‌ನದಕ್ಕಿಂತ ಹೆಚ್ಚೇ ಇರಬೇಕು. ಡೀಸೆಲ್ ಎಂಜಿನ್‌ನ ಹೊಡೆತ ಜೋರು. ಪೆಟ್ರೋಲ್ ಗಾಡಿಯ ಬಾಕ್ಸ್ ಲೆಕ್ಕದಲ್ಲಿ ಸರಿ ಕಂಡರೂ ಲೋಡಿನಲ್ಲಿ ಬೇರಿಂಗ್, ಗೇರ್ ಹಲ್ಲು ಹೋಗುತ್ತವೆ.

ಆಮೇಲೆ ರೇಷಿಯೋ, ಅಂದರೆ ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ. ಆರ್‌ಪಿಎಂ ಅನ್ನು ಟೈರಿನ ಸುತ್ತಳತೆ (ಮೀಟರ್‌ನಲ್ಲಿ) ಮತ್ತು 0.06ರಿಂದ ಗುಣಿಸಿ, ಗೇರ್ ರೇಷಿಯೋ ಮತ್ತು ಕ್ರೌನ್–ಪಿನಿಯನ್ (ಹಿಂದಿನ ಆಕ್ಸಲ್‌ನ ಗೇರ್ ಜೋಡಿ) ರೇಷಿಯೋಗಳ ಗುಣಲಬ್ಧದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 215/75 ಆರ್15 ಟೈರಿನ ಸುತ್ತಳತೆ ಸುಮಾರು 2.21 ಮೀಟರ್. ಕ್ರೌನ್–ಪಿನಿಯನ್ 4.3 ಇದ್ದು ಎಂಜಿನ್ 2000 ಆರ್‌ಪಿಎಂನಲ್ಲಿದ್ದರೆ, 4.0ರ ಫಸ್ಟ್ ಗೇರಿನಲ್ಲಿ 15 ಕಿ.ಮೀ., 2.2ರ ಸೆಕೆಂಡಿನಲ್ಲಿ 28, 0.8ರ ಟಾಪಿನಲ್ಲಿ 77.

ಎಲ್ಲರೂ ಫಸ್ಟ್ ಗೇರನ್ನಷ್ಟೇ ಕೇಳುತ್ತಾರೆ. ಘಾಟಿಯಲ್ಲಿ ಗಾಡಿ ಎಳೆಯುವುದು ಹೆಚ್ಚಾಗಿ ಸೆಕೆಂಡ್. ಮೇಲಿನ ಬಾಕ್ಸಿನಲ್ಲಿ 2500 ಆರ್‌ಪಿಎಂನಲ್ಲಿ ಫಸ್ಟಿನಿಂದ ಸೆಕೆಂಡಿಗೆ ಬದಲಿಸಿದರೆ ಎಂಜಿನ್ 1375ಕ್ಕೆ ಇಳಿಯುತ್ತದೆ. ಟರ್ಬೋ ಅಲ್ಲಿ ಸುಸ್ತಾದರೆ ತಿರುವಿನಲ್ಲಿ ಮತ್ತೆ ಫಸ್ಟಿಗೇ ಬರಬೇಕು. ಫಸ್ಟ್, ಸೆಕೆಂಡ್ ಗೇರುಗಳ ನಡುವೆ ಅಂತರ ಕಡಿಮೆಯಿರುವ ಬಾಕ್ಸ್ ಆರಿಸಿ. ಬರೇ ಪೇಟೆ ಓಡಾಟವಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಜೋಡಣೆಯಲ್ಲಿ ಕೈಕೊಡುವುದು ಅಡಾಪ್ಟರ್ ಪ್ಲೇಟ್, ಅಂದರೆ ಎಂಜಿನ್‌ಗೂ ಬೇರೆ ಗೇರ್‌ಬಾಕ್ಸಿಗೂ ನಡುವೆ ಹಾಕುವ ಲೋಹದ ಪ್ಲೇಟ್. ಪ್ಲೇಟ್ 20 ಮಿ.ಮೀ. ದಪ್ಪವಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಅಷ್ಟೇ ಹಿಂದೆ ಸರಿಯುತ್ತದೆ. ಅದರ ತುದಿ ಪೈಲಟ್ ಬೇರಿಂಗಿನೊಳಗೆ (ಎಂಜಿನ್ ಕಡೆ ಆ ತುದಿಯನ್ನು ಹಿಡಿಯುವ ಬೇರಿಂಗ್) ಕೂರದೆ ಶಾಫ್ಟ್ ಅಲುಗಾಡಿ ಗೇರ್ ಹಾರುತ್ತದೆ. ಕ್ಲಚ್ ಪ್ಲೇಟಿನ ಹೊರ ಅಳತೆ ಪ್ರೆಶರ್ ಪ್ಲೇಟಿಗೆ, ಒಳಗಿನ ಸ್ಪ್ಲೈನ್ (ಹಲ್ಲುಗಳು) ಇನ್‌ಪುಟ್ ಶಾಫ್ಟಿಗೆ ಹೊಂದಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ರಂಧ್ರದ ಸುತ್ತ ತಿರುಗಿಸಿ: ಮುಳ್ಳಿನ ಒಟ್ಟು ಓಡಾಟ 0.13 ಮಿ.ಮೀ. ಮೀರಬಾರದು. ಬೋಲ್ಟ್ ಬಿಗಿ ಮಾಡಿದ ಮಾತ್ರಕ್ಕೆ ಸೆಂಟರ್ ಆಗುವುದಿಲ್ಲ, ಜಾಗ ಕದಲದಂತೆ ಹಿಡಿಯುವ ಡೋವೆಲ್ ಪಿನ್ ಬೇಕೇ ಬೇಕು. ಇದನ್ನು ಅಳೆಯದ ಲೇತ್‌ನವರಿಗೆ ಕೆಲಸ ಕೊಡಬೇಡಿ.

ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಗಾಡಿ ಚಕ್ರದ ಮೇಲೆ ನಿಂತಾಗ ಸ್ಲಿಪ್ ಯೋಕ್ (ಬಾಕ್ಸಿನೊಳಗೆ ಹಿಂದೆಮುಂದೆ ಜಾರುವ ಶಾಫ್ಟಿನ ತುದಿ) ಒಳಸರಿಯಲು ಸುಮಾರು 25 ಮಿ.ಮೀ. ಜಾಗ ಉಳಿದಿರಲಿ.

ಕರಾವಳಿಯ ಹಳೇ ಬಾಕ್ಸ್ ಕೊಳ್ಳುವಾಗ ಡ್ರೈನ್ ಪ್ಲಗ್ ಬಿಚ್ಚಿಸಿ ನೋಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಬೇರಿಂಗ್ ತುಕ್ಕು ಹಿಡಿದಿರಬಹುದು. ಹಿತ್ತಾಳೆ ಪುಡಿ ಹೆಚ್ಚಿದ್ದರೆ ಸಿಂಕ್ರೋ ರಿಂಗ್ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆ) ಸವೆದಿದೆ. ಕಂಪನಿ ಬೇರೆ ಹೇಳದಿದ್ದರೆ ಹಿತ್ತಾಳೆ ಸಿಂಕ್ರೋ ಇರುವ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ. ಹಿಂದಿನ ಆಕ್ಸಲ್‌ಗೆ ತಂದ ಜಿಎಲ್-5 ಉಳಿದಿದೆಯೆಂದು ಇಲ್ಲಿಗೆ ಸುರಿಯಬೇಡಿ. ಬ್ರೀದರ್‌ಗೆ (ಬಾಕ್ಸಿನ ಗಾಳಿ ರಂಧ್ರ) ರಬ್ಬರ್ ಪೈಪ್ ಹಾಕಿ ಚಾಸಿಗಿಂತ ಎತ್ತರಕ್ಕೆ ಕಟ್ಟಿಬಿಡಿ, ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಇಳಿಸಿದರೂ ಒಳಗೆ ಎಳೆದುಕೊಳ್ಳುವುದಿಲ್ಲ.