ಕ್ಲಿಪ್ ಹಾಕಿದ್ದು ಹಲ್ಲಿಗೆ, ಪಾಡು ಪಟ್ಟದ್ದು ನಾಲಗೆ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುವ ಮುಂಚೆ ಎಲ್ಲರೂ ಹೆದರಿಸಿದ್ದು ಹಲ್ಲುನೋವಿನ ಬಗ್ಗೆ. ಕೆನ್ನೆಯ ಒಳಗೆ ಉಜ್ಜುತ್ತೆ, ತುಟಿ ತರಚುತ್ತೆ ಅಂತಲೂ ಹೇಳಿದ್ದರು. ನಾಲಗೆಯ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಹಲ್ಲುನೋವು ನಾಲ್ಕೈದು ದಿನಕ್ಕೆ ಇಳಿಯಿತು. ಅದು ಇಳಿಯುವುದನ್ನೇ ಕಾಯುತ್ತಿದ್ದ ಹಾಗೆ ನಾಲಗೆ ಶುರು ಮಾಡಿತು.

ಮೊದಲ ವಾರ ಬಾಯಿ ತುಂಬ ಉರಿ ಅಂತಲೇ ಅನಿಸುತ್ತಿತ್ತು. ಎಲ್ಲಿ ಅಂತ ಕೇಳಿದರೆ ಬೆರಳಿಟ್ಟು ತೋರಿಸೋಕೆ ಆಗುತ್ತಿರಲಿಲ್ಲ. ನಾಲಗೆ ಎಷ್ಟು ಸೂಕ್ಷ್ಮ ಅಂದರೆ, ಹಲ್ಲಿನ ಸಂದಿಗೆ ಸಿಕ್ಕಿದ ಒಂದು ಎಳೆ ನಾರು ಅದಕ್ಕೆ ಹಗ್ಗದಷ್ಟು ದಪ್ಪ. ಅಂಥದ್ದರ ಪಕ್ಕಕ್ಕೆ ಇಡೀ ಲೋಹದ ಸಾಮಾನು ತಂದಿಟ್ಟರೆ ಸುಮ್ನೆ ಇರುತ್ತದೆಯೇ? ನಾನು ಮಾಡಿದ ಮೊದಲ ತಪ್ಪು ಎಂದರೆ ಜಾಗ ಯಾವುದು ಅಂತ ಹುಡುಕದೇ ಮದ್ದು ಹುಡುಕಿದ್ದು. ಮೌತ್‌ವಾಶ್ ಮುಕ್ಕಳಿಸಿದೆ. ಅದರಲ್ಲಿ ಆಲ್ಕೋಹಾಲ್ ಇತ್ತು, ಕಣ್ಣಲ್ಲಿ ನೀರು ಬಂತು. ಮರಗಟ್ಟಿಸುವ ಜೆಲ್ ತಂದು ಸವರಿದೆ. ಆಹಾ, ಹತ್ತು ನಿಮಿಷ ಸ್ವರ್ಗ. ಆ ಖುಷಿಯಲ್ಲಿ ಊಟಕ್ಕೆ ಕುಳಿತವನು ಮರಗಟ್ಟಿದ ನಾಲಗೆಯನ್ನೇ ಕಚ್ಚಿಕೊಂಡೆ. ಕಚ್ಚಿದ್ದು ಗೊತ್ತಾದದ್ದು ರಕ್ತದ ರುಚಿ ಬಂದ ಮೇಲೆ. ಆಮೇಲೆ ಆ ಜೆಲ್ ಬಳಸಿದ್ದು ಮಲಗುವ ಮುಂಚೆ ಮಾತ್ರ, ಅದೂ ಡಾಕ್ಟರನ್ನು ಕೇಳಿಕೊಂಡು. ಚಿಕ್ಕ ಮಕ್ಕಳಿಗಂತೂ ಕೇಳದೆ ಹಚ್ಚಲೇಬೇಡಿ. ಬೆಂಜೊಕೇನ್ ಎಂಬ ಮರಗಟ್ಟಿಸುವ ಮದ್ದು ಇರುವ ಜೆಲ್ ಎರಡು ವರ್ಷದ ಒಳಗಿನ ಮಕ್ಕಳಿಗೆ ಅಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ರಕ್ತ ಆಮ್ಲಜನಕ ಒಯ್ಯುವ ಶಕ್ತಿಯೇ ಅದರಿಂದ ಕುಗ್ಗಬಹುದು. ಕ್ಲಿಪ್ ಹಾಕಿಕೊಂಡವರು ಅಷ್ಟು ಚಿಕ್ಕವರಿರುವುದಿಲ್ಲ, ನಿಜ. ಆದರೆ ಟ್ಯೂಬ್ ಮನೆಯಲ್ಲಿ ಇದ್ದರೆ ಎಲ್ಲರ ಕೈಗೂ ಸಿಗುತ್ತದೆ ಅಲ್ವಾ?

ಎಂಟನೇ ದಿನ ರಾತ್ರಿ ಕನ್ನಡಿ ಮುಂದೆ ನಿಂತೆ. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದರಲ್ಲಿ ಚಮಚ. ಚಮಚದ ಹಿಂಬದಿಯಿಂದ ನಾಲಗೆಯನ್ನು ಎಡಕ್ಕೆ ಒತ್ತಿ ಬಲಗಡೆಯ ಅಂಚು ನೋಡಿದೆ. ಹಲ್ಲಿನ ಗುರುತುಗಳು ಸಾಲಾಗಿ, ಗರಗಸದ ಹಾಗೆ ಒತ್ತಿಕೊಂಡಿದ್ದವು. ಅದರಲ್ಲಿ ಎಲ್ಲಕ್ಕಿಂತ ಹಿಂದಿನ ಗುರುತಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಹುಣ್ಣು, ಸುತ್ತ ಕೆಂಪು ಬಳೆ. ಅಷ್ಟೇ. ಬಾಯಿ ತುಂಬ ಅಂದುಕೊಂಡಿದ್ದ ಉರಿಗೆಲ್ಲ ಕಾರಣ ಆ ಸಾಸಿವೆ.

ಹುಣ್ಣಿನ ಎದುರಿಗೆ ಏನಿದೆ ಅಂತ ನೋಡಿದರೆ ಮೇಲಿನ ದವಡೆ ಹಲ್ಲಿನ ಬ್ಯಾಂಡು. ಹಲ್ಲಿನ ಹೊರಬದಿಗೆ ಅಂಟಿಸಿದ ಪುಟ್ಟ ತುಂಡುಗಳು, ಅಂದರೆ ಬ್ರಾಕೆಟ್ಟುಗಳು, ತುಟಿ, ಕೆನ್ನೆಗೆ ಕಾಟ ಕೊಡುತ್ತವೆ, ನಾಲಗೆಗಲ್ಲ. ನನ್ನ ವಿಷಯದಲ್ಲಿ ಎರಡೂ ದವಡೆ ಹಲ್ಲಿಗೆ ಉಂಗುರದ ಹಾಗೆ ಬ್ಯಾಂಡ್ ಹಾಕಿ, ಅಂಗುಳದ ಅಡ್ಡಕ್ಕೆ ಒಂದು ಕಂಬಿ ಕೂರಿಸಿದ್ದರು. ಹಿಂದಿನ ಹಲ್ಲು ಮುಂದಕ್ಕೆ ಸರಿಯದೆ ಇರಲಿ ಅಂತ. ಆ ಕಂಬಿ ಜಾರದ ಹಾಗೆ ಕೂದಲೆಳೆಯಂಥ ತಂತಿಯಲ್ಲಿ ಕಟ್ಟಿರುತ್ತಾರೆ. ಕಟ್ಟಿದ ತುದಿಯನ್ನು ತಿರುಚಿ ಒಳಗೆ ಮಡಚಿರುತ್ತಾರೆ. ಬಲಗಡೆಯ ಮಡಿಕೆ ಬಿಚ್ಚಿಕೊಂಡು ಅರ್ಧ ಮಿಲಿಮೀಟರಿನಷ್ಟು ಹೊರಗೆ ನಿಂತಿತ್ತು. ಬೆರಳಿಟ್ಟರೆ ಗೊತ್ತೂ ಆಗುತ್ತಿರಲಿಲ್ಲ. ನಾಲಗೆಗೆ ಮಾತ್ರ ಮುಳ್ಳು.

ಕಿವಿಗೆ ಬಳಸುವ ಹತ್ತಿಕಡ್ಡಿಯ ತುದಿಯಿಂದ ಅದನ್ನು ಮೆಲ್ಲಗೆ ಹಲ್ಲಿನ ಕಡೆಗೆ ಒತ್ತಿದೆ. ಎರಡು ದಿನ ನೆಮ್ಮದಿ. ಮೂರನೇ ದಿನ ಮತ್ತೆ ಎದ್ದು ನಿಂತಿತು. ಆಗ ಫೋನ್ ಮಾಡಿದೆ. ಡಾಕ್ಟರು ನೋಡಿ, ಮಡಚಿ, ನಯ ಮಾಡಿ ಕಳಿಸಿದರು. ಕುರ್ಚಿಯಲ್ಲಿ ಕುಳಿತದ್ದು ಎರಡು ನಿಮಿಷವೂ ಇಲ್ಲ. ಇಷ್ಟಕ್ಕೆಲ್ಲ ಹೋಗಬೇಕಾ ಅಂತ ಹನ್ನೊಂದು ದಿನ ಸಂಕೋಚಪಟ್ಟಿದ್ದೆನಲ್ಲ, ಅದು ಶುದ್ಧ ದಡ್ಡತನ.

ಚುಚ್ಚುವುದು ನಿಂತ ಮೇಲೂ ಹುಣ್ಣು ಮಾಯಲು ಒಂಬತ್ತು ದಿನ ಹಿಡಿಯಿತು. ಸಾಮಾನ್ಯವಾಗಿ ಇಂಥ ಹುಣ್ಣಿಗೆ ಒಂದರಿಂದ ಎರಡು ವಾರ ಬೇಕು. ಆ ಒಂಬತ್ತು ದಿನ ನನ್ನನ್ನು ಕಾಪಾಡಿದ್ದು ಎರಡೇ. ಉಪ್ಪುನೀರು ಮತ್ತು ವ್ಯಾಕ್ಸ್, ಅಂದರೆ ಚುಚ್ಚುವ ಲೋಹದ ಮೇಲೆ ಮೆತ್ತುವ ಮೇಣ.

ಉಪ್ಪುನೀರಿನಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳುವುದು. ಊಟವಾದ ಮೇಲೆ ಒಮ್ಮೆ, ಮಲಗುವಾಗ ಒಮ್ಮೆ. ಜಾಸ್ತಿ ಹಾಕಿದರೆ ಬೇಗ ವಾಸಿ ಅಂತ ಮೊದಲ ದಿನ ಮೂರು ಚಮಚ ಸುರಿದಿದ್ದೆ. ಮಾಡಬೇಡಿ.

ವ್ಯಾಕ್ಸ್ ಮಾತ್ರ ಕೈಚಳಕದ ವಿಷಯ. ಕ್ಲಿಪ್ ಹಾಕಿದ ದಿನವೇ ಪುಟ್ಟ ಡಬ್ಬಿಯಲ್ಲಿ ಕೊಟ್ಟಿರುತ್ತಾರೆ. ಹೊರಗಿನ ಬ್ರಾಕೆಟ್ಟಿಗೆ ಅಂಟಿಸುವುದು ಸುಲಭ. ನಾಲಗೆಯ ಕಡೆಗೆ ಅಂಟಿಸಿ ನೋಡಿ, ಆಗ ಗೊತ್ತಾಗುತ್ತದೆ. ಒಳಗೆಲ್ಲ ಜೊಲ್ಲು. ನಾಲಗೆ ಬೇರೆ, ಇದೇನು ಹೊಸದು ಅಂತ ಬಂದು ಕೆದಕಿ ಕಿತ್ತು ಹಾಕುತ್ತದೆ. ಮೊದಲ ಮೂರು ಸಲ ಹತ್ತು ನಿಮಿಷವೂ ನಿಲ್ಲಲಿಲ್ಲ. ಒಂದು ಸಲ ನುಂಗಿಯೂ ಬಿಟ್ಟೆ. ನುಂಗಿದರೆ ತೊಂದರೆ ಇಲ್ಲ, ಹೋಗುವ ದಾರಿಯಲ್ಲಿ ಹೋಗುತ್ತದೆ.

ಕೊನೆಗೆ ಕೈಗೆ ಹತ್ತಿದ ಕ್ರಮ ಹೀಗೆ. ಹಲ್ಲುಜ್ಜಿ, ಕೈ ತೊಳೆದು, ಟಿಶ್ಯೂ ಕಾಗದವನ್ನು ಬೆರಳಿನಷ್ಟು ದಪ್ಪ ಸುರುಳಿ ಮಾಡಿ ನಾಲಗೆಗೂ ದವಡೆ ಹಲ್ಲಿಗೂ ನಡುವೆ ಇಡುತ್ತಿದ್ದೆ. ಅದು ಜೊಲ್ಲು ಹೀರುತ್ತದೆ, ನಾಲಗೆಯನ್ನೂ ಆಚೆ ತಳ್ಳುತ್ತದೆ. ಅದು ಅಲ್ಲಿರುವಷ್ಟು ಹೊತ್ತು ಒಂದು ಚೂರು ವ್ಯಾಕ್ಸನ್ನು ಬೆರಳುಗಳ ನಡುವೆ ಉರುಳಿಸಿ ಮೆತ್ತಗೆ ಮಾಡಿಕೊಳ್ಳುವುದು. ಬಟಾಣಿಗಿಂತ ಚಿಕ್ಕದಿರಲಿ, ದೊಡ್ಡದಾದಷ್ಟೂ ನಾಲಗೆಗೆ ಅದರ ಮೇಲೆ ಕಣ್ಣು. ಸುರುಳಿ ತೆಗೆದ ತಕ್ಷಣ ಲೋಹದ ಮೇಲೆ ಗಟ್ಟಿಯಾಗಿ ಒತ್ತಿ, ಅಂಚುಗಳನ್ನು ಉಗುರಿನಿಂದ ಬ್ಯಾಂಡಿನ ಸಂದಿಗೆ ಸವರಿ ಸೇರಿಸಬೇಕು. ಗುಂಡಗೆ ಉಬ್ಬಿದ್ದರೆ ಬೆಳಗ್ಗೆ ದಿಂಬಿನ ಮೇಲೆ ಸಿಗುತ್ತದೆ. ಚಪ್ಪಟೆಯಾಗಿ ಮೆತ್ತಿದ್ದರೆ ಇಡೀ ರಾತ್ರಿ ನಿಲ್ಲುತ್ತದೆ. ಊಟಕ್ಕೆ, ಹಲ್ಲುಜ್ಜುವುದಕ್ಕೆ ಮುಂಚೆ ತೆಗೆದು ಬಿಸಾಕಬೇಕು, ಅದನ್ನೇ ಮತ್ತೆ ಅಂಟಿಸಬಾರದು. ಮೇಣದ್ದು ನಿಲ್ಲದೇ ಇದ್ದವರಿಗೆ ಸಿಲಿಕೋನಿನದೂ ಸಿಗುತ್ತದೆ. ಒದ್ದೆಯಲ್ಲಿ ಅದು ಇನ್ನೂ ಚೆನ್ನಾಗಿ ಹಿಡಿಯಿತು ಅನ್ನುವುದು ನನ್ನ ಅನುಭವ.

ಹಗಲಿಗಿಂತ ರಾತ್ರಿ ವ್ಯಾಕ್ಸ್ ಮುಖ್ಯ ಅಂತ ತಡವಾಗಿ ತಿಳಿಯಿತು. ನಿದ್ದೆಯಲ್ಲಿ ನಾಲಗೆ ಹಲ್ಲಿಗೆ ಒರಗಿಕೊಳ್ಳುತ್ತದೆ, ನಮ್ಮ ಮಾತು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ನನಗೆ ಬಾಯಿ ತೆರೆದು ಮಲಗುವ ಚಟ ಬೇರೆ. ಬಾಯಿ ಒಣಗಿದರೆ ನುಣುಪು ಹೋಗುತ್ತದೆ, ಲೋಹ ನೇರವಾಗಿ ಉಜ್ಜುತ್ತದೆ. ಪಕ್ಕದಲ್ಲಿ ನೀರು ಇಟ್ಟುಕೊಂಡು, ಎಚ್ಚರವಾದಾಗಲೆಲ್ಲ ಒಂದು ಗುಟುಕು ಕುಡಿಯುತ್ತಿದ್ದೆ.

ಟೂತ್‌ಪೇಸ್ಟನ್ನೂ ಬದಲಾಯಿಸಿದೆ. ನೊರೆ ಬರಿಸಲು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ್ದನ್ನು ತಂದೆ. ಪದೇಪದೇ ಬಾಯಿಹುಣ್ಣು ಆಗುವ ಕೆಲವರಿಗೆ ಇದರಿಂದ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ. ನನಗೆ ಉರಿ ಕಮ್ಮಿಯಾಯಿತು. ಖಾರ, ಹುಳಿ, ಗರಿಗರಿ ತಿಂಡಿ ಒಂದು ವಾರ ಬಂದ್. ತಣ್ಣಗಿನದು, ಮೆತ್ತಗಿನದು ಮಾತ್ರ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಮೊದಲ ತುತ್ತೇ ಹೇಳಿಕೊಡುತ್ತದೆ.

ಇಷ್ಟೆಲ್ಲ ಆಗಿ ಎರಡು ತಿಂಗಳಿಗೆ ಹೊಸ ಕಥೆ. ಬ್ರಾಕೆಟ್ಟುಗಳ ಮೂಲಕ ಹಾಯ್ದು ಹೋಗುವ ಹೊರಗಿನ ವೈರು ಹಿಂದಿನ ಹಲ್ಲಿನ ಆಚೆ ಚಾಚಿಕೊಂಡಿತು. ಇದು ಯಾರ ತಪ್ಪೂ ಅಲ್ಲ. ಡೊಂಕುಹಲ್ಲುಗಳ ಮೇಲೆ ಹಾವಿನ ಹಾಗೆ ಸುತ್ತಿ ಬಳಸಿ ಹೋಗಿದ್ದ ವೈರಿಗೆ ಹಲ್ಲು ನೇರವಾದ ಹಾಗೆಲ್ಲ ಅಷ್ಟು ಉದ್ದ ಬೇಕಾಗುವುದಿಲ್ಲ. ಮಿಕ್ಕಿದ್ದು ಹಿಂದಿನಿಂದ ಹೊರಬರುತ್ತದೆ. ಒಂದರ್ಥದಲ್ಲಿ ಕೆಲಸ ನಡೆಯುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಆದರೆ ಆ ತುದಿ ಇದ್ದದ್ದು ಕೆನ್ನೆಯ ಕಡೆ. ನಾಲಗೆಗೆ ಅಲ್ಲೇನು ಕೆಲಸ? ಆದರೂ ಮೂರೇ ದಿನಕ್ಕೆ ನಾಲಗೆಯ ತುದಿ ಕೆಂಪಗೆ ಊದಿಕೊಂಡಿತು.

ಆಗ ಗಮನಿಸಿದೆ. ಕೆಲಸ ಮಾಡುವಾಗ, ಫೋನ್ ನೋಡುವಾಗ, ಯೋಚಿಸುವಾಗ, ನನ್ನ ನಾಲಗೆ ಸುತ್ತಿ ಬಳಸಿ ಹೋಗಿ ಆ ತುದಿಯನ್ನು ಮುಟ್ಟಿ ನೋಡಿ ಬರುತ್ತಿತ್ತು. ಇದೆಯಾ? ಇದೆ. ಚುಚ್ಚುತ್ತಾ? ಚುಚ್ಚುತ್ತೆ. ಎರಡು ನಿಮಿಷ ಬಿಟ್ಟು ಮತ್ತೆ. ವೈರು ನಾಲಗೆಗೆ ಚುಚ್ಚುತ್ತಿರಲಿಲ್ಲ, ನಾಲಗೆಯೇ ಹೋಗಿ ಚುಚ್ಚಿಸಿಕೊಳ್ಳುತ್ತಿತ್ತು.

ವೈರಿನ ಕಥೆ ಮೊದಲು ಮುಗಿಸುತ್ತೇನೆ. ಉಗುರು ಕತ್ತರಿಸುವ ನೇಲ್ ಕಟರಿನಿಂದ ಅದನ್ನು ತುಂಡರಿಸಲು ಹೋದೆ. ಅದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ವೈರು. ಬಾಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣಕ್ಕಾಗಿಯೇ 1970ರ ದಶಕದಿಂದ ಹಲ್ಲಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ನನ್ನ ಕಟರಿಗೆ ಅದು ಜಗ್ಗಲಿಲ್ಲ. ನಾನು ಜಗ್ಗಿದ ರಭಸಕ್ಕೆ ಪಕ್ಕದ ಬ್ರಾಕೆಟ್ಟೇ ಕಿತ್ತು ಬಂತು. ಡಾಕ್ಟರ ಬಳಿ ಇದಕ್ಕೇ ಮಾಡಿದ ಇಕ್ಕಳ ಇದೆ, ಕತ್ತರಿಸಿದ ತುಂಡನ್ನು ಅದೇ ಕಚ್ಚಿ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಕತ್ತರಿಸಿದ್ದರೆ ಆ ತುಂಡು ಗಂಟಲಿಗೆ ಇಳಿಯುತ್ತಿತ್ತೋ ಏನೋ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ತುದಿಗೆ ವ್ಯಾಕ್ಸ್ ಮೆತ್ತಿ ಸುಮ್ಮನಿರುವುದೇ ಸರಿ.

ನಾಲಗೆಯ ಚಟ ಬಿಡಿಸುವುದು ಇದಕ್ಕಿಂತ ಕಷ್ಟವಾಯಿತು. ಹೋಗಬೇಡ ಅಂದರೆ ಇನ್ನೂ ಹೋಗುತ್ತದೆ. ಅದಕ್ಕೆ ಕೂರಲು ಒಂದು ಜಾಗ ತೋರಿಸಬೇಕು. ‘ಲ’ ಅಂತ ಹೇಳಿ ನೋಡಿ. ಮೇಲಿನ ಮುಂದಿನ ಹಲ್ಲುಗಳ ಹಿಂದೆ ಒಂದು ಉಬ್ಬಿದೆಯಲ್ಲ, ನಾಲಗೆಯ ತುದಿ ತಾಗುವುದು ಅಲ್ಲಿಗೆ. ಅದೇ ಅದರ ಮನೆ. ತುಟಿ ಮುಚ್ಚಿ, ಹಲ್ಲು ಕಚ್ಚದೆ, ತುದಿಯನ್ನು ಅಲ್ಲಿಟ್ಟು ಮೂಗಿನಿಂದ ಉಸಿರಾಡುವುದು. ಕಂಪ್ಯೂಟರಿನ ಅಂಚಿಗೆ ‘ಲ’ ಅಂತ ಬರೆದ ಚೀಟಿ ಅಂಟಿಸಿದೆ. ನೋಡಿದವರು ಇದೇನು ಅಂತ ಕೇಳುತ್ತಿದ್ದರು. ಹದಿನೈದು ದಿನದಲ್ಲಿ ನಾಲಗೆ ಅಲೆಯುವುದು ಅರ್ಧಕ್ಕರ್ಧ ಕಮ್ಮಿಯಾಯಿತು.

ಮಾತಿನದು ಇನ್ನೊಂದು ಗೋಳು. ‘ಲ’ ಸುಲಭ, ‘ಳ’ ಕಷ್ಟ. ನಾಲಗೆ ಹಿಂದಕ್ಕೆ ಮಡಚಿದರೆ ಅಂಗುಳದ ಕಂಬಿ ಅಡ್ಡ. ಹೊಳೆ ಹೊಲೆಯಾಗುತ್ತಿತ್ತು, ಕೊಳಲು ಕೊಲಲಾಗುತ್ತಿತ್ತು. ಕಣ್ಣು ಅನ್ನಲು ಹೋದರೆ ಕನ್ನು. ದಿನಕ್ಕೆ ಹತ್ತು ನಿಮಿಷ ಪೇಪರನ್ನು ಜೋರಾಗಿ ಓದಿದೆ. ನಾಲಗೆ ಕಂಬಿಯನ್ನು ತಪ್ಪಿಸಿ ಮಡಚುವುದನ್ನು ತಾನೇ ಕಲಿಯಿತು, ಉಜ್ಜುವುದೂ ನಿಂತಿತು. ಆದರೆ ಕಂಬಿಯ ನಡುವಿನ ಕೊಂಡಿಯ ಅಚ್ಚು ನಾಲಗೆಯ ಬೆನ್ನಿನ ಮೇಲೆ ಮುದ್ರೆಯ ಹಾಗೆ ಮೂಡಿತ್ತು. ಗಾಬರಿಯಾಗಿ ತೋರಿಸಿದೆ. ನೋವಿಲ್ಲದೇ ಇದ್ದರೆ ಬಿಟ್ಟುಬಿಡಿ, ಕಂಬಿ ತೆಗೆದ ಮೇಲೆ ಹೋಗುತ್ತದೆ ಎಂದರು ಡಾಕ್ಟರು. ಎರಡು ವಾರ ಕಳೆದರೂ ಮಾಯದ ಹುಣ್ಣು, ಊತ, ಜ್ವರ, ನುಂಗಲು ತೊಂದರೆ ಅಥವಾ ಒಂದು ಜಾಗ ಅಂತಿಲ್ಲದೆ ಬಾಯೆಲ್ಲ ಉರಿ, ಇಂಥದ್ದು ಇದ್ದರೆ ಮಾತ್ರ ಕಾಯದೆ ಬನ್ನಿ ಅಂತಲೂ ಹೇಳಿದರು. ಕೆಲವರಿಗೆ ನಿಕ್ಕಲ್ ಒಗ್ಗುವುದಿಲ್ಲವಂತೆ. ಸರ, ವಾಚು ಹಾಕಿದರೆ ಚರ್ಮ ಕೆರೆಯುವವರು ಅದನ್ನು ಮೊದಲೇ ಹೇಳಿಬಿಡಬೇಕು.

ಕಂಬಿ ತೆಗೆದು ವಾರದೊಳಗೆ ಅಚ್ಚು ನಿಜಕ್ಕೂ ಮಾಯವಾಯಿತು. ಕ್ಲಿಪ್ ತೆಗೆದ ದಿನ ಹಲ್ಲುಗಳು ಎಣ್ಣೆ ಸವರಿದ ಹಾಗೆ ನುಣ್ಣಗೆ. ದಿನವಿಡೀ ನಾಲಗೆ ಅವುಗಳ ಮೇಲೆ ಜಾರಾಡಿತು. ಆದರೆ ನೇರವಾದ ಹಲ್ಲು ಮತ್ತೆ ಸರಿಯದಿರಲಿ ಅಂತ ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆ ತೆಳ್ಳಗಿನ ತಂತಿಯೊಂದನ್ನು ಅಂಟಿಸಿ ಕಳಿಸಿದ್ದಾರೆ. ನಾಲಗೆಯ ಕಡೆಗೆ. ಅಂಟಿನ ಒಂದು ಅಂಚು ಸ್ವಲ್ಪ ಒರಟು. ಈಗ ಇದನ್ನು ಬರೆಯುವಾಗಲೂ ಅಲ್ಲಿಗೆ ಹೋಗಿ ಬಂತು. ವ್ಯಾಕ್ಸಿನ ಡಬ್ಬಿಯಲ್ಲಿ ಇನ್ನೂ ಎರಡು ಕಡ್ಡಿ ಇವೆ, ಎಸೆದಿಲ್ಲ.