ಸ್ಪಿರುಲಿನಾ ಬೆರೆಸಿದ ಪ್ರೊಬಯಾಟಿಕ್ ಮೊಸರು: ಮನೆಯಲ್ಲಿ ಹೆಪ್ಪು ಹಾಕುವುದು ಹೇಗೆ?

ಸ್ಪಿರುಲಿನಾ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದನ್ನು ಹಾಕಿ ಚಿಕ್ಕಿ ಮಾಡುವ ವಿಧಾನವನ್ನೂ ರೂಪಿಸಿದೆ. ಮೊಸರಿಗೆ ಹಾಕಿದರೆ ಒಂದು ಲಾಭವಿದೆ. ಪಾಚಿಯಲ್ಲಿರುವ ಅಮೈನೋ ಆಮ್ಲ, ಖನಿಜಗಳು ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಫ್ರಿಜ್‌ನಲ್ಲಿಟ್ಟಾಗಲೂ ಅವು ಜಾಸ್ತಿ ಸಂಖ್ಯೆಯಲ್ಲಿ ಬದುಕಿರುತ್ತವೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಪ್ರೊಬಯಾಟಿಕ್‌ಗೆ, ಅಂದರೆ ದೇಹಕ್ಕೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರುವ ಆಹಾರಕ್ಕೆ, ಇದೇ ಮುಖ್ಯ ಅಲ್ವಾ? ತಿನ್ನುವ ಹೊತ್ತಿಗೆ ಒಂದು ಗ್ರಾಂನಲ್ಲಿ ಕನಿಷ್ಠ 10 ಲಕ್ಷ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎನ್ನುವುದು ರೂಢಿಯ ಅಳತೆ.

ಮೊದಲು ಹೆಪ್ಪಿನ ವಿಷಯ. ಮನೆಯ ಮೊಸರು ಒಳ್ಳೆಯದೇ, ಆದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಹೇಳಲಾಗದು. ಲೇಬಲ್ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಅಥವಾ ಬೈಫಿಡೋಬ್ಯಾಕ್ಟೀರಿಯಂ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾದ ಹೆಸರು ಬರೆದಿರುವ, ಸಕ್ಕರೆ, ಹಣ್ಣು ಸೇರಿಸದ ಮೊಸರನ್ನು ತನ್ನಿ. ಅದರಿಂದ ಮಾಡಿದ್ದನ್ನೇ ಮತ್ತೆ ಮತ್ತೆ ಹೆಪ್ಪು ಹಾಕುತ್ತಾ ಹೋದರೆ ಈ ತಳಿಗಳು ಕಡಿಮೆಯಾಗಬಹುದು. ಪ್ರತಿ ಸಲವೂ ಹೊಸದನ್ನೇ ಬಳಸಿ.

ಒಂದು ಲೀಟರ್ ಗಟ್ಟಿ ಹಾಲನ್ನು ಕಾಯಿಸಿ, ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಕುದಿಸಿ, ಆರಲು ಬಿಡಿ. ಪುಡಿ ಹಾಕುವ ಆತುರ ಈಗ ಬೇಡ. ಸ್ಪಿರುಲಿನಾದ ನೀಲಿ ಬಣ್ಣದ ಫೈಕೋಸಯನಿನ್ 60 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ. ಹಾಲು 40 ಡಿಗ್ರಿಗೆ ಇಳಿಯಲಿ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳಿಗೆ ಹಿತವಾದ ಬೆಚ್ಚಗಿದ್ದರೆ ಸಾಕು.

ಒಂದು ಟೀ ಚಮಚ ಪುಡಿ, ಅಂದರೆ ಸುಮಾರು 3 ಗ್ರಾಂ, ಬಟ್ಟಲಿಗೆ ಹಾಕಿ. ನಾಲ್ಕು ಚಮಚ ಬೆಚ್ಚಗಿನ ಹಾಲು ಸೇರಿಸಿ ಗಂಟಿಲ್ಲದಂತೆ ಕಲಸಿ. ಇದನ್ನು ಹಾಲಿಗೆ ಬೆರೆಸಿ, ಎರಡು ದೊಡ್ಡ ಚಮಚ ಹೆಪ್ಪನ್ನೂ ಹಾಕಿ ಚೆನ್ನಾಗಿ ಕದಡಿ. ಪುಡಿ ಜಾಸ್ತಿಯಾದರೆ ಕೆರೆ ನೀರಿನ ವಾಸನೆ ಬರುತ್ತದೆ, ಮನೆಯವರು ಮುಟ್ಟುವುದಿಲ್ಲ. ಬೆಚ್ಚಗಿನ ಜಾಗದಲ್ಲಿ ಐದಾರು ಗಂಟೆ ಅಲುಗಾಡಿಸದೆ ಇಡಿ. ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಿಸಿ. ತಳದಲ್ಲಿ ಸ್ವಲ್ಪ ಹಸಿರು ಕೂತಿದ್ದರೆ ಬಡಿಸುವಾಗ ಕಲಕಿಕೊಳ್ಳಿ. ನಾಲ್ಕು ದಿನದೊಳಗೆ ಮುಗಿಸಿ.

ಮಜ್ಜಿಗೆ ಹುಳಿಗೆ ಇದನ್ನು ಹಾಕಬೇಡಿ, ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಸೌತೆಕಾಯಿ ಮೊಸರು ಬಜ್ಜಿಗೆ ಚೆನ್ನಾಗಿ ಒಪ್ಪುತ್ತದೆ. ಒಗ್ಗರಣೆ ಮಾತ್ರ ಆರಿದ ಮೇಲೆ ಹಾಕಿ.

ಪ್ರೋಟೀನ್‌ಗಾಗಿ ಈ ಖರ್ಚು ಬೇಡ. ಚಮಚ ಪುಡಿಯಲ್ಲಿ ಸಿಗುವುದು 2 ಗ್ರಾಂ ಮಾತ್ರ, ಒಂದು ಲೀಟರ್ ಹಾಲಿನಲ್ಲೇ ಅದರ ಹತ್ತು ಪಟ್ಟಿಗೂ ಹೆಚ್ಚು ಇದೆ. ಸ್ಪಿರುಲಿನಾದಿಂದ ಬಿ12 ಸಿಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಬಳಕೆಯಾಗದ ರೂಪ.

ಪುಡಿ ಕೊಳ್ಳುವಾಗ ವಿಷಕಾರಿ ಪಾಚಿ ಮತ್ತು ಭಾರ ಲೋಹಗಳ ಪರೀಕ್ಷೆ ಆಗಿದೆಯೇ ನೋಡಿ. ಫಿನೈಲ್‌ಕೀಟೋನ್ಯೂರಿಯಾ (ಒಂದು ಅಮೈನೋ ಆಮ್ಲವನ್ನು ದೇಹ ಸರಿಯಾಗಿ ಒಡೆಯಲಾಗದ ಹುಟ್ಟು ಕಾಯಿಲೆ) ಇರುವವರಿಗೆ ಇದು ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿದ ಮೇಲೆಯೇ ತಿನ್ನಲಿ.